ಹಪ್ಪಳದ ಬಿಸಿಲು, ದ್ರಾಕ್ಷಿಯ ಹುಳಿ

ಆ ವರ್ಷ ನಮ್ಮ ಬಳ್ಳಿಯಲ್ಲಿ ಅರ್ಧ ದ್ರಾಕ್ಷಿ ಹಣ್ಣಾಗದೆ ಉಳಿದದ್ದು ಮುಟ್ಟಿನಿಂದಲ್ಲ, ಹಪ್ಪಳದಿಂದ. ಯಾರು ಏನೇ ಹೇಳಲಿ, ಆದದ್ದು ಇಷ್ಟೇ. ಆಮೇಲಾಮೇಲೆ ಬೇಕೆಂದೇ ಬೇಸಿಗೆಯಲ್ಲಿ ಒಂದು ಬದಿಯ ಕುಡಿ ಸವರಿ, ಹಣ್ಣು ತಡವಾಗಿಸಿ, ಎರಡು ಕಂತಿನಲ್ಲಿ ತಿಂದಿದ್ದೇವೆ.

ಶರಾವತಿಗೆ ಕಟ್ಟೆ ಕಟ್ಟಿ ಹಳೆಯ ಊರು ಮುಳುಗಿದ ಮೇಲೆ ನಾವು ಹೊಸನಗರದ ಈಚೆಯ ಬೋಳುಗುಡ್ಡವೊಂದಕ್ಕೆ ಬಂದೆವು. ಅಲ್ಲಿ ಒಂದು ಮರದ ನೆರಳೂ ಇರಲಿಲ್ಲ. ನನ್ನ ಗಂಡ ಸಾಗರದಿಂದ ದ್ರಾಕ್ಷಿಯ ಕಡ್ಡಿ ತಂದು ನೆಟ್ಟರು. ನಮಗ್ಯಾರಿಗೂ ಆಗದ ಆ ಬಿಸಿಲು ಅದಕ್ಕೆ ಹಿಡಿಸಿತು. ಅಂಗಳದ ಚಪ್ಪರವಿಡೀ ಹಬ್ಬಿತು.

ತಿಂಗಳ ಮೂರು ದಿನ ಹೊರಗೆ ಕೂರುವ ಹೆಂಗಸರಿಗೆ ಆ ಚಪ್ಪರದ ಅಡಿಯೇ ಜಾಗ. ನನ್ನ ಮೈದುನನ ಹೆಂಡತಿ ಹೊಸದಾಗಿ ಬಂದವಳು, ಕೈ ಸುಮ್ಮನಿರುತ್ತಿರಲಿಲ್ಲ. ಅಂಥ ಒಂದು ದಿನ, ತಲೆಗೆ ತಾಗುತ್ತಿದ್ದ ಕುಡಿಯನ್ನು ಬಾಳೆನಾರಿನಿಂದ ಕಂಬಕ್ಕೆ ಕಟ್ಟಿದಳು. ಮುಟ್ಟಾದವಳು ಬಳ್ಳಿ ಮುಟ್ಟಿದರೆ ಬಳ್ಳಿ ಕೆಡುತ್ತದೆಂದು ನಂಬಿದ್ದ ಅತ್ತೆ, ಜಗಲಿಯಿಂದ ನೋಡಿ ಬೈದರು.

ಯುಗಾದಿ ಕಳೆಯಿತು. ಕೊಟ್ಟಿಗೆ ಕಡೆಯ ಗೊಂಚಲು ಕಪ್ಪಾದವು. ಅಡುಗೆಮನೆ ಕಡೆಯವು ಹಸಿರಾಗಿ, ಗೋಲಿಯಷ್ಟು ಗಟ್ಟಿಯಾಗಿ ಹಾಗೇ ಉಳಿದವು.

“ನಾ ಅವತ್ತೇ ಹೇಳಿದ್ನಲ್ಲೇ ಕೂಸೆ,” ಎಂದರು ಅತ್ತೆ ಅವಳಿಗೆ. “ಇನ್ನು ನೀ ಕೊಟ್ಟಿಗೆ ಮಾಡಿನ ಅಡಿಗೇ ಕೂತ್ಕ.”

“ಅಲ್ಲಿ ತಗಡು ಸುಡ್ತು ಅತ್ತೆ.”

“ಸುಟ್ರೆ ಬುದ್ಧಿ ಬತ್ತು.”

ಮುಂದಿನ ಸಲ ಮೂರು ದಿನ ಅಲ್ಲಿ ಕೂತು ಒಳಗೆ ಬಂದಾಗ ತಗಡಿನ ಕಾವಿಗೆ ಅವಳ ಮುಖ ಕೆಂಡವಾಗಿತ್ತು. ನನಗೆ ಕರುಣೆ ಉಕ್ಕಿತೆಂದರೆ ಸುಳ್ಳು. ಒಂದೇ ಬುಡ, ಒಂದೇ ನೀರು. ಕೆಟ್ಟರೆ ಬಳ್ಳಿಯೆಲ್ಲ ಕೆಡಬೇಕಲ್ಲ, ಅರ್ಧ ಯಾಕೆ? ಅದು ತಲೆ ತಿನ್ನತೊಡಗಿತು. ಮಣೆ ಹಾಕಿ ಹತ್ತಿ ನೋಡಿದೆ.

ಹಸಿರು ಉಳಿದ ಕಡೆ ಕುಡಿಗಳಿಗೆಲ್ಲ ತುದಿಯಿರಲಿಲ್ಲ. ಆಗ ನೆನಪಾಯಿತು. ಯುಗಾದಿಗೆ ಮುಂಚೆ ಹಲಸಿನ ಹಪ್ಪಳ ಒಣಗಿಸುವಾಗ ಚಾಪೆಗೆ ಬಿಸಿಲು ಬೀಳಲಿಲ್ಲವೆಂದು ಅತ್ತೆಯೇ ನನ್ನ ಗಂಡನಿಗೆ ಹೇಳಿ ಆ ಬದಿಯನ್ನು ಸವರಿಸಿದ್ದರು. ಗೊಂಚಲು ಬಿಟ್ಟು ಎಲೆಯೆಲ್ಲ ಹೋಗಿತ್ತು. ಕಂಬಕ್ಕೆ ಕಟ್ಟಿದ್ದ ಒಂದು ಕುಡಿ ಮಾತ್ರ ಕತ್ತಿಗೆ ಸಿಕ್ಕಿರಲಿಲ್ಲ. ಬಾಳೆನಾರಿನ ಗಂಟು ಹಾಗೇ ಇತ್ತು. ಅದರ ಗೊಂಚಲು ಕಪ್ಪಗಾಗಿತ್ತು.

ಅತ್ತೆಯನ್ನು ಕರೆದೆ. “ಅವಳು ಮುಟ್ಟಿದ್ದು ಈ ಕುಡಿ. ಈ ಬದಿಗೆ ಹಣ್ಣಾದ್ದು ಇದೊಂದೇ ಇದ್ದು.”

“ಹಂಗಾರೆ ಉಳಿದಿದ್ದಕ್ಕೆ ಎಂತ ಆತು?”

“ನಿಮ್ಮ ಹಪ್ಪಳ ಆತು.”

“ಹಲಸಿಗೂ ದ್ರಾಕ್ಷಿಗೂ ನೆಂಟಸ್ತನ ಮಾಡ್ತ್ಯನೇ?”

“ಎಲೆ ತೆಗೆದ್ರೆ ಕಾಯಿಗೆ ಊಟ ಎಲ್ಲಿಂದ ಬತ್ತು? ಹೊಸ ಎಲೆ ಬರ್ಲಿ, ಹಣ್ಣಾಗ್ತು.”

“ಹಣ್ಣಾದ್ರೆ ಅವಳು ಚಪ್ಪರದ ನೆರಳಲ್ಲೇ ಕೂರ್ಲಿ. ಆಗದಿದ್ರೆ ನೀನೂ ಕೊಟ್ಟಿಗೆಗೆ.”

ದಿನಾ ಹತ್ತಿ ನೋಡಿದೆ. ಕತ್ತರಿಸಿದ ತುದಿಗಳ ಕೆಳಗೆ ಎಳೆ ಎಲೆ ಬಂದು ಅಗಲವಾದವು. ಕೊಟ್ಟಿಗೆ ಕಡೆಯ ಕಪ್ಪು ಹಣ್ಣು ತಿಂದು ಮುಗಿಯಿತು. ಈ ಕಡೆಯವು ಮಾತ್ರ ಹಸಿರೇ. ಮೋಡ ಕೂಡತೊಡಗಿತು, ಒಂದು ಜೋರು ಮಳೆ ಬಿದ್ದರೆ ಕಾಯಿ ಒಡೆದು ಕೊಳೆತು, ನನ್ನ ಮಾತೂ ಕೊಳೆಯುತ್ತಿತ್ತು. ಆಮೇಲೆ ಒಂದೆರಡು ಕಾಯಿಗೆ ನೇರಳೆ ಬಣ್ಣ ಇಳಿಯಿತು. ನೋಡನೋಡುತ್ತ ಗೊಂಚಲಿಗೆ ಗೊಂಚಲೇ ತಿರುಗಿತು.

ಒಂದು ಸಂಜೆ ಅತ್ತೆ ಕೈಚಾಚಿ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿದರು. ಬೀಜ ಉಗಿದು ಇನ್ನೊಂದು ಕಿತ್ತರು.

“ಆ ಬದೀದಕ್ಕಿಂತ ಸಿಹಿ ಇದ್ದು,” ಎಂದು ಒಳಗೆ ಹೋದರು. ತಪ್ಪಾಯಿತು ಎನ್ನುವ ಹೆಂಗಸಲ್ಲ. ನಾನೂ ಅದಕ್ಕೆ ಕಾಯಲಿಲ್ಲ.

ಮೈದುನನ ಹೆಂಡತಿ ಆಗ ಮತ್ತೆ ಹೊರಗಾಗಿ ಕೊಟ್ಟಿಗೆಯ ಮಾಡಿನಡಿ ಕೂತಿದ್ದಳು. ಮರುದಿನ ಬೆಳಿಗ್ಗೆ ಅತ್ತೆಯ ಕಣ್ಣೆದುರೇ ಅವಳ ಚಾಪೆ ಎತ್ತಿ ತಂದು ಬಾಳೆನಾರು ಕಟ್ಟಿದ ಕಂಬದ ಬುಡದಲ್ಲಿ ಹಾಸಿದೆ. ಮುಟ್ಟಾದವಳ ಚಾಪೆ ಹಿಡಿದದ್ದಕ್ಕೆ ಸ್ನಾನವಾಗಬೇಕಲ್ಲ, ಕೊಡ ತೆಗೆದುಕೊಂಡು ಬಾವಿಗೆ ಹೋದೆ.