ಬೂದ ಯಾರ ಕೈಯಲ್ಲಿ ಉಣ್ಣಬೇಕಿತ್ತು

ದುರ್ಗದ ಹೋಟೆಲುಗಳಲ್ಲಿ ಈಗ ಏಳೆಂಟು ತಿಂಗಳಿಂದ ಒಂದು ಕಥೆ ಕಾಫಿಯ ಜೊತೆ ಪುಕ್ಕಟೆ ಸಿಗುತ್ತಿದೆ. ಎಣ್ಣೆ ಮಿಲ್ಲಿನ ಶಿವಕುಮಾರಪ್ಪನವರ ನಾಯಿ ಎಂಥ ನಿಯತ್ತಿನ ಪ್ರಾಣಿಯೆಂದರೆ, ಮನೆಯವರು ಊರಲ್ಲಿಲ್ಲದಾಗ ಪರರು ಹಾಕಿದ ಅನ್ನ ಮುಟ್ಟದೆ ಪ್ರಾಣ ಬಿಟ್ಟಿತಂತೆ. ಕೇಳಿದವರು ಲೊಚಗುಟ್ಟುತ್ತಾರೆ. "ಮನುಷ್ಯರಲ್ಲಿ ಎಲ್ಲಿದೆ ಸ್ವಾಮಿ ಇಂಥ ನಿಯತ್ತು" ಎಂದು ಇನ್ನೊಂದು ಬೀಡಿ ಹಚ್ಚುತ್ತಾರೆ. ಮಿಲ್ಲಿನ ಆಫೀಸಿನಲ್ಲಿ ಆ ನಾಯಿಯ ಫೋಟೋ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಅದಕ್ಕೊಂದು ಗಂಧದ ಹಾರ ಬೇರೆ.

ಈ ಕಥೆಯಲ್ಲಿ ಒಬ್ಬ ಹೆಂಗಸಿದ್ದಳು. ಹೇಳುವವರು ಅವಳನ್ನು ಅನುಕೂಲಕ್ಕೆ ಬಿಟ್ಟುಬಿಟ್ಟಿದ್ದಾರೆ. ನಾನು ಬರೆಯುತ್ತಿರುವುದು ಅವಳ ವಿಷಯ.

ಅವಳ ಹೆಸರು ಕೆಂಚಕ್ಕ. ಹೊಳಲ್ಕೆರೆ ಕಡೆಯ ಬಿ.ದುರ್ಗ ಎಂಬ ಹಳ್ಳಿಯಿಂದ ಒಂದೂವರೆ ಮೈಲಿ ಆಚೆಗಿನ ಹಟ್ಟಿಯವಳು. ಗಂಡ ಸತ್ತ ಮೇಲೆ ತಮ್ಮ ಪಾಲಣ್ಣನ ಜೊತೆ ಸೇರಿ ಅರವತ್ತು ಕುರಿ ಮೇಯಿಸುತ್ತಾಳೆ. ಬಲಗೈಯ ತೋರುಬೆರಳು ಕೊಕ್ಕೆಯಂತೆ ಬಾಗಿದೆ. ಹತ್ತು ವರ್ಷದವಳಿದ್ದಾಗ ನಾಯಿ ಕಚ್ಚಿದ್ದು. ಕಚ್ಚಿದ ನಾಯಿಯನ್ನೇ ಪಳಗಿಸಿದಳಂತೆ. ಅಲ್ಲಿಂದ ಇಲ್ಲಿಯವರೆಗೆ ಹನ್ನೆರಡು ನಾಯಿ ಅವಳ ಕೈಯಲ್ಲಿ ತಯಾರಾಗಿವೆ. ಸುತ್ತಲಿನ ಹಟ್ಟಿಗಳಲ್ಲಿ "ಕೆಂಚಕ್ಕನ ನಾಯಿ" ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಅವಳು ಕಲಿಸುತ್ತಿದ್ದದ್ದು ಬೊಗಳುವುದನ್ನಲ್ಲ. ಅದು ನಾಯಿಗೆ ಹುಟ್ಟಿನಿಂದಲೇ ಬರುತ್ತದೆ. ಅವಳು ಕಲಿಸುತ್ತಿದ್ದದ್ದು ತಿನ್ನದಿರುವುದನ್ನು. ಕುರಿ ಕದಿಯುವವನು ಮೊದಲು ಕುರಿಯ ಹತ್ತಿರ ಬರುವುದಿಲ್ಲ, ನಾಯಿಯ ಹತ್ತಿರ ಬರುತ್ತಾನೆ. ವಿಷ ಬೆರೆಸಿದ ಒಂದು ಉಂಡೆ ಎಸೆದರೆ ಕುರಿ ಕೂಡುವ ರೊಪ್ಪದ ಬಾಗಿಲು ತೆರೆದಂತೆಯೇ. ಅದಕ್ಕೇ ಮರಿ ಎರಡು ತಿಂಗಳಿದ್ದಾಗಿನಿಂದ ಅವಳ ಪಾಠ ಶುರು. ಬಳೆಗಾರ ಬರಲಿ, ಟಪಾಲಿನವನು ಬರಲಿ, ಸ್ವಂತ ಬೀಗರೇ ಬರಲಿ, "ಒಂದು ತುತ್ತು ಚಾಚ್ರಿ" ಅನ್ನುತ್ತಿದ್ದಳು. ಮರಿ ಮೂಸಲು ಹೋದರೆ ಮೂತಿಗೆ ಒಂದು ಹಿಡಿ ಮಣ್ಣು. ಆಮೇಲೆ ತನ್ನ ಅಂಗೈಯಲ್ಲಿ ಮುದ್ದೆ. ನೀರಿಗೂ ಇದೇ ಪಾಠ. ಆರು ತಿಂಗಳಿಗೆ ಆ ನಾಯಿ ಪರರ ಕೈ ಕಂಡರೆ ಮುಖ ತಿರುಗಿಸಿಬಿಡುತ್ತಿತ್ತು.

ಹನ್ನೆರಡನೆಯದು ಬೂದ. ಬೂದಿ ಬಣ್ಣದ, ಉದ್ದ ಕಾಲಿನ ಗಂಡುನಾಯಿ.

ಸುಗ್ಗಿ ಮುಗಿದ ಮೇಲೆ ಕೆಂಚಕ್ಕನ ಕುರಿ ಮೇಯುವುದು ಶಿವಕುಮಾರಪ್ಪನವರ ಹೊಲಗಳಲ್ಲಿ ಕೊಯ್ದು ಉಳಿದ ಕೂಳೆಯಲ್ಲಿ. ಅವರು ಬೇಡ ಎಂದರೆ ಬೇಸಿಗೆಯ ನಾಲ್ಕು ತಿಂಗಳು ಕುರಿಗಳ ಹೊಟ್ಟೆಗೆ ಗತಿಯಿಲ್ಲ. ಹೋದ ಸುಗ್ಗಿ ಮುಗಿದಾಗ ಹೊಲ ನೋಡಲು ಬಂದ ಸಾಹುಕಾರರು ಬೂದನನ್ನು ನೋಡಿ, "ಕೆಂಚಕ್ಕ, ಈ ನಾಯಿ ನಮ್ಮ ಮನೆಗಿರಲಿ. ದುರ್ಗದಲ್ಲಿ ಕಳ್ಳರ ಕಾಟ" ಎಂದರು. ಕೇಳಿದಂತೆ ಇತ್ತು ಮಾತು. ಕೇಳಿದ್ದಲ್ಲ.

"ಆಗಲಿ ಸಾವ್ಕಾರ್ರೇ. ಆದ್ರೆ ನೀವು ಮೂರು ದಿನ ಇಲ್ಲಿಗೆ ಬರ್ಬೇಕು."

"ಯಾಕವ್ವ?"

"ಕೈ ಬದ್ಲಿ ಮಾಡ್ಬೇಕಲ್ಲ."

ಕೈ ಬದಲಿ ಎನ್ನುವುದು ಅವರಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ನಾಯಿ ಕೊಡುವವರು, ಕೊಳ್ಳುವವರು ಒಂದೇ ತಟ್ಟೆಯಲ್ಲಿ ಎದುರುಬದುರು ಕೂತು ಉಣ್ಣಬೇಕು. ಅದೇ ತಟ್ಟೆಯಿಂದ ಇಬ್ಬರೂ ನಾಯಿಗೆ ತಿನ್ನಿಸಬೇಕು. ಎರಡು ದಿನ ಹೀಗೆ. ಮೂರನೆಯ ದಿನ ಹಳಬರು ತುತ್ತು ಚಾಚುತ್ತಾರೆ. ನಾಯಿ ಬಾಯಿ ಹಾಕಲು ಬಂದಾಗ ಲಕ್ಕಿ ಗಿಡದ ಬರಲುಕಡ್ಡಿಯಿಂದ ಮೂತಿಗೆ ಹೊಡೆಯುತ್ತಾರೆ. ಆಗ ಹೊಸಬರು ತುತ್ತು ಚಾಚುತ್ತಾರೆ. ಅಲ್ಲಿಗೆ ಹಳೆಯ ಕೈ ಪರರ ಕೈಯಾಯಿತು.

ಸಾಹುಕಾರರು ತಟ್ಟೆಯ ಕಡೆ ನೋಡಿದರು. ಹಟ್ಟಿಯ ತಟ್ಟೆ, ಹಟ್ಟಿಯ ಮುದ್ದೆ, ಎದುರಿಗೆ ಕುರಿ ಕಾಯುವ ಹೆಂಗಸು. ನಕ್ಕರು. "ಇದೇನು ಮದುವೆ ಶಾಸ್ತ್ರವೇ? ನಮ್ಮ ಡ್ರೈವರ್ ಮುರುಗಪ್ಪನ್ನ ಕಳಿಸ್ತೀನಿ ಬಿಡು."

"ಡ್ರೈವರ್ರು ನೀವು ಹೋದ ಕಡೆ ಬರೋನು. ನೀವಿಲ್ದಾಗ ಮನೇಲಿ ಯಾರಿರ್ತಾರೆ? ಅಮ್ಮಾರನ್ನಾದ್ರೂ ಕಳಿಸ್ರಿ. ಇಲ್ಲ ಮನೆ ಕೆಲ್ಸದೋರನ್ನ ಕಳಿಸ್ರಿ."

"ಹಸಿದರೆ ನಾಯಿ ಯಾರ ಕೈಲಾದರೂ ತಿನ್ನುತ್ತೆ, ಕೆಂಚಕ್ಕ."

"ಬೇರೆ ನಾಯಿ ತಿಂತೈತೆ" ಎಂದಳು ಅವಳು. ಆದರೂ ಡ್ರೈವರನಿಗೇ ಒಪ್ಪಿಕೊಂಡಳು. ಕೂಳೆಯಲ್ಲಿ ಅರವತ್ತು ಕುರಿ ಮೇಯುತ್ತಿದ್ದವು.

ಮುರುಗಪ್ಪ ಬಂದ. ಒಳ್ಳೆಯ ಹುಡುಗಾಟದ ಮನುಷ್ಯ. "ಅಕ್ಕ, ನನಗೂ ಹೆಂಡತಿಗೂ ಮದುವೇಲಿ ಒಂದೇ ತಟ್ಟೇಲಿ ಉಣ್ಸಿದ್ರು, ಇವತ್ತಿಗೂ ಆಕೆ ನನ್ನ ಮಾತು ಕೇಳಲ್ಲ. ಈ ನಾಯಿ ಕೇಳ್ತದಾ?" ಎಂದು ನಗಿಸಿದ. ಮೂರನೆಯ ದಿನ ಕೆಂಚಕ್ಕ ಲಕ್ಕಿ ಬರಲು ಮುರಿದುಕೊಂಡು ಬಂದಾಗ ಅವನು ನಗಲಿಲ್ಲ. ಬೂದ ಅವಳ ಕೈಗೆ ಬಂತು. ಹೊಡೆದಳು. ಮತ್ತೆ ಬಂತು. ಮತ್ತೆ ಹೊಡೆದಳು. ಬೇರೆ ನಾಯಿಗಳಿಗೆ ಒಂದೇಟು ಸಾಕಾಗುತ್ತಿತ್ತು. ಬೂದನಿಗೆ ಐದು ಬೇಕಾದವು.

ದುರ್ಗದಲ್ಲಿ ಬೂದ ಸಾಹುಕಾರರ ದೊಡ್ಡಸ್ತಿಕೆಯ ಆಟಿಕೆಯಾಯಿತು. ಮನೆಗೆ ಬಂದವರಿಗೆಲ್ಲ, "ಬಿಸ್ಕತ್ತು ಕೊಟ್ಟು ನೋಡ್ರಿ" ಎನ್ನುತ್ತಿದ್ದರು. ಬಂದವರು ಚಾಚುತ್ತಿದ್ದರು. ನಾಯಿ ಮುಖ ತಿರುಗಿಸುತ್ತಿತ್ತು. ಎಲ್ಲರೂ ಚಪ್ಪಾಳೆ. ಒಂದು ಚಂದಾ ವಿಷಯಕ್ಕೆ ಹೋಗಿದ್ದಾಗ ನಾನೂ ಚಾಚಿದ್ದೇನೆ, ನಾನೂ ಚಪ್ಪಾಳೆ ತಟ್ಟಿದ್ದೇನೆ. ಸಾಹುಕಾರರ ಕೈಯಿಂದ ಅದು ತಿನ್ನುವುದನ್ನು ಮಾತ್ರ ಯಾರೂ ನೋಡಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಹಿತ್ತಲಲ್ಲಿ ಹೊತ್ತಿಗೆ ಸರಿಯಾಗಿ ಮುರುಗಪ್ಪ ತಿನ್ನಿಸುತ್ತಿದ್ದ.

ಬೇಸಿಗೆಯಲ್ಲಿ ಹೊಸದುರ್ಗದ ಕಡೆ ನೆಂಟರ ಮದುವೆ ಬಂತು. ಮದುವೆ ಮುಗಿಸಿ ಹಾಲುರಾಮೇಶ್ವರ ಕ್ಷೇತ್ರಕ್ಕೂ ಹೋಗಿ ಬರುವುದೆಂದು ಎಂಟು ದಿನದ ಏರ್ಪಾಡು. ಕಾರಿಗೆ ಟ್ರಂಕು ಏರಿಸುತ್ತಾ ಮುರುಗಪ್ಪ, "ಸಾವ್ಕಾರ್ರೇ, ನಾಯಿ?" ಎಂದ.

"ಉಚ್ಚಂಗೆಮ್ಮ ಅನ್ನ ಹಾಕ್ತಾಳೆ."

"ಅದು ತಿನ್ನಲ್ರಿ. ನಮ್ಜೊತೆ ಕರ್ಕೊಂಡು ಹೋಗಾಣ. ಇಲ್ದಿದ್ರೆ ನಾನು ನಡುವೆ ಒಂದಿನ ಬಸ್ಸಿಗೆ ಬಂದು ಹೋಗ್ತೀನಿ."

"ಮದುವೆ ಕಾರಲ್ಲಿ ನಾಯಿ ಹೇರಿಕೊಂಡು ಹೋಗೋಣ ಅಂತೀಯಾ? ಬಾಯಿ ಮುಚ್ಚಿ ಗಾಡಿ ಹತ್ತು ಲೇ."

ಹತ್ತಿದ. ಮೂರು ಮಕ್ಕಳ ತಂದೆ, ಹತ್ತದೆ ಏನು ಮಾಡಿಯಾನು?

ಮನೆಗೆ ಬೀಗ ಬಿತ್ತು. ಹಿತ್ತಲ ಕಡಪ ಕಲ್ಲಿನ ಮೇಲೆ, ಸರಪಳಿ ತುದಿಯಲ್ಲಿ, ಬೂದ ಉಳಿಯಿತು. ಕಸಮುಸುರೆ ಮಾಡುವ ಉಚ್ಚಂಗೆಮ್ಮನ ಹತ್ತಿರ ಹಿತ್ತಲ ಬಾಗಿಲಿನ ಬೀಗದ ಕೈ ಮಾತ್ರ ಇತ್ತು. ಮೊದಲ ದಿನ ಹಾಲು ಅನ್ನ ಹಾಕಿದಳು. ಮುಖ ತಿರುಗಿಸಿತು. ಎರಡನೆಯ ದಿನ ತನ್ನ ಮನೆಯಿಂದ ರೊಟ್ಟಿ ತಂದಳು. ಅದನ್ನೂ ಮುಟ್ಟಲಿಲ್ಲ. ಕಲ್ಲುಬಾನಿಯಲ್ಲಿ ಮುರುಗಪ್ಪ ತುಂಬಿಸಿಟ್ಟಿದ್ದ ನೀರು ಅಂದೇ ತಳ ಕಂಡಿತು. ಅವಳು ಹೊಸ ನೀರು ಹೊಯ್ದಳು. ಮೂಸಿ ಹಿಂದಕ್ಕೆ ಸರಿಯಿತು. ಸರಪಳಿ ಬಿಚ್ಚಲು ಹೋದರೆ ಹಲ್ಲು ಕಿರಿಯಿತು. ಮೂರನೆಯ ದಿನ ಅವಳು ಅಳುತ್ತಾ ಬಸ್ ನಿಲ್ದಾಣಕ್ಕೆ ಹೋಗಿ, ಹೊಳಲ್ಕೆರೆ ಕಡೆಯ ಬಸ್ಸಿನ ಕಂಡಕ್ಟರನಿಗೆ ಹೇಳಿದಳು: "ಅಣ್ಣ, ಬಿ.ದುರ್ಗದ ಹಟ್ಟಿ ಕೆಂಚಕ್ಕಂಗೆ ಹೇಳ್ಸು. ಬೂದ ಸಾಯ್ತಾ ಐತೆ ಅನ್ನು."

ಸುದ್ದಿ ಕೈಯಿಂದ ಕೈಗೆ ದಾಟಿ ಹಟ್ಟಿ ಸೇರುವಾಗ ನಾಲ್ಕನೆಯ ದಿನದ ಸಂಜೆ. ಐದನೆಯ ದಿನ ಮಧ್ಯಾಹ್ನ ಕೆಂಚಕ್ಕ ಎರಡು ಬಸ್ಸು ಬದಲಾಯಿಸಿ ದುರ್ಗಕ್ಕೆ ಬಂದಳು. ಮಡಿಲಲ್ಲಿ ರಾಗಿ ಮುದ್ದೆ.

ಬೂದ ಗೋಡೆಯ ಪಕ್ಕದ ಗೇಣಗಲ ನೆರಳಿನಲ್ಲಿ ಮಲಗಿತ್ತು. ಅವಳ ದನಿಗೆ ಬಾಲ ಎರಡು ಸಲ ನೆಲ ಬಡಿಯಿತು. ತೆವಳಿ ಬಂದು ಅವಳ ಪಾದ ನೆಕ್ಕಿತು. ಕೆಂಚಕ್ಕ ಮುದ್ದೆ ಮುರಿದು, ನೀರಲ್ಲಿ ಕಲಸಿ, ಅಂಗೈಯಲ್ಲಿಟ್ಟು ಮೂತಿಯ ಹತ್ತಿರ ಹಿಡಿದಳು.

ಬೂದ ಮುಖ ತಿರುಗಿಸಿತು.

"ತಿನ್ನಪ್ಪ. ನಾನು ಕಣೋ. ಹೊಡಿಯಲ್ಲ, ತಿನ್ನು."

ಮತ್ತೆ ಪಾದ ನೆಕ್ಕಿತು. ಕೈ ಮುಂದೆ ಬಂದಾಗ ಮತ್ತೆ ಕಣ್ಣು ಮುಚ್ಚಿ ಅತ್ತ ತಿರುಗಿತು. ಏಟು ಬೀಳುತ್ತದೆಂದು ಕಿವಿ ಹಿಂದಕ್ಕೆ ಒರಗಿಸಿತ್ತು. ಅವಳು ನೀರನ್ನು ಕಲ್ಲಿನ ಮೇಲೆ ಚೆಲ್ಲಿದಳು. ಕೈಯಿಲ್ಲದ ನೀರಾದರೂ ಕುಡಿದೀತೆಂದು. ಎರಡು ಸಲ ನಾಲಿಗೆ ಆಡಿಸಿತು. ಮೂರನೆಯ ಸಲಕ್ಕೆ ನಾಲಿಗೆ ಒಳಗೆ ಹೋಗಲಿಲ್ಲ.

ಐದು ದಿನ ಉಪವಾಸವಿದ್ದ ನಾಯಿಗೆ ತಿನ್ನುವ ಶಕ್ತಿಯೇ ಇರುವುದಿಲ್ಲ ಎಂದು ದನದ ಡಾಕ್ಟರೊಬ್ಬರು ನನಗೆ ಹೇಳಿದರು. ಇರಬಹುದು. ಅದನ್ನು ಕೆಂಚಕ್ಕನಿಗೂ ಹೇಳಿದೆ. "ಬಾಲ ಆಡ್ಸಾಕೆ ಶಕ್ತಿ ಇತ್ತಲ್ಲಪ್ಪ" ಎಂದಳು.

ಸಾಹುಕಾರರು ಎಂಟನೆಯ ದಿನ ಪ್ರಸಾದದ ಸಮೇತ ಮರಳಿದರು. ಒಂದು ವಾರ ಮಂಕಾಗಿದ್ದರು, ಸುಳ್ಳು ಹೇಳಬಾರದು. ಆಮೇಲೆ ಆ ಸಾವಿಗೆ ನಿಯತ್ತು ಎಂಬ ಹೆಸರು ಸಿಕ್ಕಿತು. ಹೆಸರು ಸಿಕ್ಕ ಮೇಲೆ ಮಂಕು ಹರಿಯಿತು. ಅದು ಯಾರ ಮೇಲಿನ ನಿಯತ್ತು ಎಂದು ಇದುವರೆಗೆ ಒಬ್ಬರೂ ಅವರನ್ನು ಕೇಳಿಲ್ಲ. ಅವರ ಕೈಯಲ್ಲಿ ಆ ನಾಯಿ ಒಂದು ದಿನವೂ ಉಂಡಿರಲಿಲ್ಲ.

ಮುಂಗಾರು ಹಿಡಿದ ಮೇಲೆ ಅವರು ಮತ್ತೆ ಹಟ್ಟಿಗೆ ಬಂದರು. "ಕೆಂಚಕ್ಕ, ಅಂಥದೇ ಇನ್ನೊಂದು ಮರಿ ಕೊಡು. ಜನ ಕೇಳ್ತಾ ಇದ್ದಾರೆ."

ಕೆಂಚಕ್ಕ ಒಳಗೆ ಹೋಗಿ ತಟ್ಟೆ ತೊಳೆದು ತಂದಳು. ಕಂಬಳಿ ಹಾಸಿದಳು. ನಡುವೆ ಮುದ್ದೆ ಇಟ್ಟು ಒಂದು ಪಕ್ಕ ತಾನು ಕೂತಳು. "ಬರ್ರಿ ಸಾವ್ಕಾರ್ರೇ, ಕುಂತ್ಕಳ್ರಿ. ಉಣ್ಣಾಣ."

ಸಾಹುಕಾರರು ಗಡಿಯಾರ ನೋಡಿಕೊಂಡರು. "ಮುರುಗಪ್ಪ, ನೀನು ಕುಂತ್ಕೋ."

ಮುರುಗಪ್ಪ ಕಾರಿನ ಬಾಗಿಲು ಹಿಡಿದುಕೊಂಡು ನಿಂತೇ ಇದ್ದ.

"ಅವ್ನು ಒಂದ್ಸಲ ಕುಂತಾಯ್ತು" ಎಂದಳು ಕೆಂಚಕ್ಕ. "ಈ ಸಲ ನೀವು."

ತಟ್ಟೆಯಲ್ಲಿ ಮುದ್ದೆ ಆರಿತು. ಕಾರು ಹೊರಟಿತು. ಈ ಸುಗ್ಗಿಗೆ ಆ ಹೊಲಗಳಿಗೆ ಬೇರೆ ಹಟ್ಟಿಯ ಕುರಿ ಬಿಟ್ಟಿದ್ದಾರೆ. ಕೆಂಚಕ್ಕ, ಪಾಲಣ್ಣ ಕೂಳೆ ಹುಡುಕಿಕೊಂಡು ಹೊಸದುರ್ಗದ ಕಡೆ ಕುರಿ ಹೊಡೆದುಕೊಂಡು ಹೋಗಿದ್ದಾರೆ.

ಜೊತೆಗೆ ಹದಿಮೂರನೆಯ ಮರಿ ಇದೆ. ದಾರಿಹೋಕರು ಕೊಟ್ಟದ್ದನ್ನೆಲ್ಲ ತಿನ್ನುತ್ತದೆ. ಅದರ ಮೂತಿಗೆ ಕೆಂಚಕ್ಕ ಮಣ್ಣು ಹಾಕಿಲ್ಲ. ಹೋದ ತಿಂಗಳು ಎರಡು ಟಗರು ಕಳುವಾದವು. "ನಾಯಿ ತಯಾರು ಮಾಡ್ದೆ ಹಿಂಗೆ ಕುಂತ್ರೆ ರೊಪ್ಪ ಬರಿದಾಗ್ತೈತೆ ಕಣಕ್ಕ" ಎಂದು ಪಾಲಣ್ಣ ಕೂಗಾಡಿದನಂತೆ.

"ಆಗಲಿ" ಎಂದಳಂತೆ ಅವಳು. ಮರಿಯನ್ನು ಕರೆದು ಪಾಲಣ್ಣನ ಕೈಗೂ ಒಂದು ತುಂಡು ಮುದ್ದೆ ಕೊಟ್ಟಳಂತೆ. ತಿನ್ನಿಸಲು.