ತೇಪೆಯಕ್ಕ ತಿರುಗಿ ಹೊಲಿದ ಕಾಲರ್

ಬೆಳಗಿನ ಆರೂಕಾಲು. ಮೂರು ಮಹಡಿಯ ಹಳೇ ಕಟ್ಟಡದ ಕೆಳಗೆ, ನೀರಿನ ಪಂಪಿನ ಪಕ್ಕದ ಒಂಟಿ ಕೋಣೆಯ ಕಿಟಕಿಗೆ ಈಗಷ್ಟೇ ಬೆಳಕು ಬಂದಿದೆ. ಕಿಟಕಿಗೆ ಒತ್ತಿ ಇಟ್ಟ ಕಾಲುಮಷಿನ್ನಿನ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಆದರೆ ಮಷಿನ್ ಓಡುತ್ತಿಲ್ಲ. ಅವರು ಮಡಿಲಲ್ಲಿ ಒಂದು ಬೂದುಬಣ್ಣದ ಶರ್ಟು ಹರಡಿಕೊಂಡು, ನಿನ್ನೆ ತಾವೇ ಹೊಲಿದ ಅದರ ಕಾಲರನ್ನು ದಿಟ್ಟಿಸುತ್ತಿದ್ದಾರೆ. ಕಾಲರ್ ಹೊಚ್ಚ ಹೊಸದರ ಹಾಗೆ ಗರಿಗರಿಯಾಗಿ ನಿಂತಿದೆ. ಒಂದು ಎಳೆಯೂ ಆಚೀಚೆ ಇಲ್ಲ.

"ಎಷ್ಟು ಚೆನ್ನಾಗಿ ಕೂತಿದೆ ನೋಡಿ," ಎಂದು ಬರೆಯಲು ಬಂದ ನಮಗೆ ತೋರಿಸುತ್ತಾರೆ. ಆಮೇಲೆ ಉಸಿರುಬಿಟ್ಟು, "ಹಾಳಾಗ್ಹೋಗ್ಲಿ!"

ಒಂಬತ್ತು ಗಂಟೆಯೊಳಗೆ ಈ ಕಾಲರ್ ಮತ್ತೆ ಹಳೆಯದಾಗಬೇಕು. ಇವತ್ತಿನ ಮೊದಲ ಕೆಲಸ ಅದೇ, ಇಷ್ಟು ವರ್ಷದಲ್ಲಿ ಅವರು ಮಾಡಿಯೇ ಇರದ ಕೆಲಸವೂ ಅದೇ.

ಬೀದಿಯವರಿಗೆಲ್ಲ ಇವರು ತೇಪೆಯಕ್ಕ. ಹೊಸ ಬಟ್ಟೆ ಹೊಲಿಯುವುದಿಲ್ಲ, ಕೇಳಿದರೆ ಕೈ ಮುಗಿದುಬಿಡುತ್ತಾರೆ. ಸವೆದ ಕಾಲರನ್ನು ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಮತ್ತೆ ಕೂರಿಸುವುದು ಇವರ ಮುಖ್ಯ ಕಸುಬು. ಶರ್ಟಿನಲ್ಲಿ ಮೊದಲು ಸವೆಯುವುದು ಕತ್ತಿನ ಮಡಿಕೆ ತಾನೇ? ಉಳಿದ ಬಟ್ಟೆ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕಾಲರ್ ಮಗುಚಿ ಹಾಕಿದರೆ ಇನ್ನೂ ಎರಡು ಮೂರು ವರ್ಷ ಆರಾಮಾಗಿ ನಡೆಯುತ್ತದೆ. ಕೂಲಿ ಎರಡು ಲೋಟ ಚಹಾದ ಬೆಲೆ. ಹೊಸ ಶರ್ಟಿನ ಬೆಲೆಯಲ್ಲಿ ಬೀದಿಯ ಹತ್ತು ಮನೆಯ ಕಾಲರ್ ತಿರುಗಿಸಬಹುದು ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ನಿನ್ನೆ ಒಂದೇ ದಿನ ಕಾಲರ್ ಒಂಬತ್ತು, ಜಿಪ್ಪು ಆರು, ಮಂಚದ ಚಾದರ ಮೂರು. ಶಾಲೆ ಶುರುವಾಗುವ ವಾರವಾದ್ದರಿಂದ ಮಕ್ಕಳ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ದು ಹದಿಮೂರು. ಚಾದರದ ಕೆಲಸ ನೋಡುವುದೇ ಒಂದು ಮಜಾ. ನಡುವೆ ಸವೆದು ಜಾಲರಿಯಾದ ಚಾದರವನ್ನು ಉದ್ದಕ್ಕೆ ಸೀಳುತ್ತಾರೆ, ಗಟ್ಟಿಯಾಗಿ ಉಳಿದ ಎರಡು ಅಂಚುಗಳನ್ನು ತಂದು ನಡುವೆ ಸೇರಿಸಿ ಹೊಲಿಯುತ್ತಾರೆ, ಸವೆದ ಭಾಗ ಎರಡೂ ಬದಿಗೆ ಹೋಗಿ ಹಾಸಿಗೆಯ ಕೆಳಗೆ ಸೇರಿಕೊಳ್ಳುತ್ತದೆ. "ಮನುಷ್ಯ ನಡುವೆ ತಾನೇ ಮಲಗೋದು? ಅಂಚಲ್ಲಿ ಮಲಗಿದ್ರೆ ಬಿದ್ದೇ ಹೋಗ್ತಾನೆ," ಅಂತ ಅವರ ವಿವರಣೆ.

ದಾರವನ್ನೂ ಆದಷ್ಟು ಕೊಳ್ಳುವುದಿಲ್ಲ. ರಿಪೇರಿಗೆ ಬಂದ ಬಟ್ಟೆಯ ಒಳಮಡಿಕೆಯಿಂದಲೇ ಎರಡೆಳೆ ಎಳೆದುಕೊಳ್ಳುತ್ತಾರೆ, ಬಣ್ಣ ಹುಡುಕುವ ತಾಪತ್ರಯವೇ ಇಲ್ಲ. ಬಲ್ಬು ಸಂಜೆಯವರೆಗೆ ಹತ್ತುವುದಿಲ್ಲ. ಸೂರ್ಯ ಬರುವ ಹೊತ್ತಿಗೆ ಮಷಿನ್ ಮುಂದೆ ಕೂರುವುದು ಅದಕ್ಕೇ. ಬಟ್ಟೆಯ ಜೀವ ಹೋಗಿದ್ದರೆ ಮುಲಾಜಿಲ್ಲದೆ ವಾಪಸ್ ಕೊಡುತ್ತಾರೆ. "ಇದು ಮುಗೀತು ಕಣಮ್ಮ, ನೆಲ ಒರೆಸೋಕೆ ಇಟ್ಕೋ. ನನಗೆ ಕೂಲಿ ಕೊಟ್ಟು ಯಾಕೆ ಕಳ್ಕೋತೀಯ?" ಗಿರಾಕಿಗಳೆಲ್ಲ ಬಡವರೇ ಎಂದುಕೊಳ್ಳಬೇಡಿ. ಮೂರನೇ ಮಹಡಿಯ ಆಫೀಸರು ಶರ್ಟನ್ನು ಪೇಪರಿನಲ್ಲಿ ಸುತ್ತಿ ತರುತ್ತಾರಂತೆ. "ಕದ್ದ ಮಾಲು ತಂದ ಹಾಗೆ ಆ ಕಡೆ ಈ ಕಡೆ ನೋಡ್ತಾರೆ ಪಾಪ," ಎಂದು ನಗುತ್ತಾರೆ ತೇಪೆಯಕ್ಕ.

ಹಾಗಾದರೆ ಈ ಬೂದು ಶರ್ಟಿನ ಗೋಳೇನು?

ಎರಡು ಬೀದಿ ಆಚೆ ಒಬ್ಬರು ತಾತ ಇದ್ದಾರೆ. ಐವತ್ತು ವರ್ಷ ವಾಚು ರಿಪೇರಿ ಮಾಡಿದವರು, ಎಲ್ಲರ ಬಾಯಲ್ಲೂ ವಾಚಿನ ತಾತ. ಈಗ ಮರೆವು. ಒಮ್ಮೊಮ್ಮೆ ಮಗಳ ಹೆಸರೇ ನೆನಪಾಗುವುದಿಲ್ಲ. ಮಗಳು ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾರೆ. ಮೊನ್ನೆ ಅಪ್ಪನ ಶರ್ಟು ತಂದು, ಕಂಕುಳಲ್ಲಿ ಬಿಟ್ಟ ಹೊಲಿಗೆ ಹಾಕಿ, ಒಂದು ಗುಂಡಿ ಕೂರಿಸಿಕೊಡಿ ಅಂದರು. ಅಷ್ಟೇ ಕೇಳಿದ್ದು. ತೇಪೆಯಕ್ಕ ಅಷ್ಟನ್ನೂ ಮಾಡಿ, ಕಾಲರನ್ನೂ ತಿರುಗಿಸಿ, ಎಡತುದಿಯಲ್ಲಿ ಜೋತಾಡುತ್ತಿದ್ದ ಎಳೆಗಳನ್ನೆಲ್ಲ ಕತ್ತರಿಸಿ ಚೊಕ್ಕ ಮಾಡಿ ಕಳಿಸಿದರು. ಅದಕ್ಕೆ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

"ಸವೆದ ಕಾಲರ್ ಕಣ್ಣಿಗೆ ಬಿದ್ರೆ ನನ್ನ ಕೈ ಸುಮ್ನಿರಲ್ಲ. ಒಳ್ಳೇದು ಮಾಡ್ತಿದೀನಿ ಅನ್ಕೊಂಡೆ," ಅನ್ನುವಾಗ ಅವರ ದನಿ ಸಣ್ಣದಾಗುತ್ತದೆ.

ತಾತನಿಗೆ ಆ ಎಡತುದಿಯ ಎಳೆಗಳೇ ಗುರುತು. ಕೂತಲ್ಲಿ ನಿಂತಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನೇ ಹೊಸೆಯುತ್ತಿದ್ದರು. ನಿನ್ನೆ ಸಂಜೆ ಶರ್ಟು ಹಾಕಲು ಹೋದರೆ ಬೆರಳಿಗೆ ಎಳೆ ಸಿಗಲಿಲ್ಲ. ಇದು ನನ್ನದಲ್ಲ, ಯಾರದೋ ಶರ್ಟು, ಅವರಿಗೆ ಕೊಟ್ಟು ಬಾ ಎಂದು ಕಿತ್ತೆಸೆದರಂತೆ. ಅದನ್ನು ಬಿಟ್ಟರೆ ಬೇರೆ ಶರ್ಟನ್ನು ಮುಟ್ಟುವವರೇ ಅಲ್ಲ. ಬರಿಮೈಯಲ್ಲಿ ಟವೆಲ್ ಹೊದ್ದು ಕೂತಿದ್ದಾರೆ. ಊಟ ಬೇಡ. ಬೀದಿಗಿಳಿದು ಶರ್ಟು ಹುಡುಕಲು ಹೋಗುತ್ತೇನೆ ಎಂದು ಮೂರು ಸಲ ಬಾಗಿಲವರೆಗೆ ಬಂದಿದ್ದಾರೆ. ಮಗಳು ಒಂಬತ್ತೂವರೆಗೆ ಬೇಕರಿಯಲ್ಲಿರಬೇಕು. ಹಗಲು ತಾತನನ್ನು ನೋಡಿಕೊಳ್ಳುವ ಪಕ್ಕದ ಮನೆಯವರು, ಅವರು ಹೀಗೆ ಹೊರಗೆ ಓಡುವುದಾದರೆ ನನ್ನ ಕೈಲಾಗದು ಎಂದುಬಿಟ್ಟಿದ್ದಾರೆ. ಈ ತಿಂಗಳು ಆಗಲೇ ಎರಡು ದಿನ ರಜೆಯಾಗಿದೆ. ಮೂರನೆಯದಕ್ಕೆ ಬೇಕರಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ಬೆಳಕು ಹರಿಯುವ ಮೊದಲೇ ಮಗಳು ಶರ್ಟನ್ನು ಇಲ್ಲಿ ತಂದುಕೊಟ್ಟು ಹೋಗಿದ್ದಾರೆ. ಅದಕ್ಕೇ ಈ ಗಡಿಬಿಡಿ. ಮಷಿನ್ನಿನ ಹಿಂದಿನ ಮಂಚದಲ್ಲಿ ತೇಪೆಯಕ್ಕನ ಯಜಮಾನರು ದಿಂಬಿಗೆ ಬೆನ್ನು ಕೊಟ್ಟು ಕೂತು, ಶರ್ಟು ಇಸಿದುಕೊಂಡು ಅರ್ಧ ಬ್ಲೇಡಿನಿಂದ ಹೊಲಿಗೆ ಬಿಚ್ಚಲು ಶುರು ಮಾಡುತ್ತಾರೆ. ಒಂದೊಂದೇ ಹೊಲಿಗೆ, ಟಿಕ್, ಟಿಕ್. ಬಟ್ಟೆಗೆ ಬ್ಲೇಡು ಸೋಕುವುದೇ ಇಲ್ಲ. ಗೋಡೆಗೆ ಬಣ್ಣ ಹೊಡೆಯುತ್ತಿದ್ದವರು ಇವರು. ಎಂಟು ವರ್ಷದ ಹಿಂದೆ, ಕೆಲಸಕ್ಕೆ ಕಟ್ಟಿದ್ದ ಅಟ್ಟಣಿಗೆಯಿಂದ ಜಾರಿ ಬಿದ್ದು ಬೆನ್ನು ಹೋಯಿತು. ಅಂದಿನಿಂದ ಅಂಗಡಿಯ ಬಿಚ್ಚುವ ಖಾತೆ ಇವರದು.

"ಜಗತ್ತಲ್ಲಿ ಗಂಡಸರು ಹೆಂಡತಿ ಮಾಡಿದ್ದನ್ನ ಹಾಳು ಮಾಡಿದ್ರೆ ಬೈಸ್ಕೋತಾರೆ. ನಾನು ಅದೇ ಕೆಲಸಕ್ಕೆ ಕೂತಿದೀನಿ," ಅನ್ನುತ್ತಾರೆ.

"ಮಾತು ಕಮ್ಮಿ ಮಾಡ್ರೀ, ಬ್ಲೇಡ್ ಜಾರೀತು!"

"ಜಾರಿದ್ರೆ ಒಳ್ಳೇದೇ ಅಲ್ವೇನೇ, ಹಳೇದಾಗ್ಬೇಕು ಅಂದೆಯಲ್ಲ?"

ಕೋಪ ಬಂದರೂ ತೇಪೆಯಕ್ಕನಿಗೆ ನಗು ತಡೆಯುವುದಿಲ್ಲ.

ಈ ಕಾಲರ್ ಹುಚ್ಚು ಎಲ್ಲಿಂದ ಅಂಟಿತು ಎಂದು ಕೇಳಿದರೆ, ಬಿಚ್ಚುವ ಹೊತ್ತಿನಲ್ಲಿ ಹಳೆಯದೆಲ್ಲ ಹೊರಬರುತ್ತದೆ. ಹದಿನಾಲ್ಕು ವರ್ಷ ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಕಾಲರ್ ವಿಭಾಗ. ದಿನಕ್ಕೆ ನಾನೂರು ಕಾಲರ್. ತೋಳು ಇನ್ನೊಬ್ಬರದು, ಜೇಬು ಮತ್ತೊಬ್ಬರದು. "ನಂಬ್ತೀರೋ ಇಲ್ವೋ, ನನಗೆ ಪೂರ್ತಿ ಶರ್ಟು ಹೊಲಿಯೋಕೆ ಇವತ್ತಿಗೂ ಬರಲ್ಲ. ಕತ್ತಿನ ಕೆಳಗೆ ಏನಿದೆ ಅಂತಾನೇ ನಂಗೊತ್ತಿರ್ಲಿಲ್ಲ!" ಒಂದು ಮಧ್ಯಾಹ್ನ ಎಲ್ಲರನ್ನೂ ಹೊರಗೆ ಕರೆದು ಗೇಟಿಗೆ ಬೀಗ ಹಾಕಿದರು. ಊಟದ ಡಬ್ಬಿ ಒಳಗೇ ಉಳಿಯಿತು. ಅದೇ ವರ್ಷ ಯಜಮಾನರು ಬಿದ್ದರು. ಮನೆಯಲ್ಲಿ ಓದುವ ಮಗಳು. ಗೊತ್ತಿರುವುದು ಕಾಲರೊಂದೇ. ಗಂಡನ ಶರ್ಟಿನ ಕಾಲರ್ ಬಿಚ್ಚಿ ತಿರುಗಿಸಿ ನೋಡಿದರು. ಪಕ್ಕದ ಮನೆಯವರು ಹೊಸ ಶರ್ಟೇ ಅಂತ ಕೇಳಿದರು. ಅಂಗಡಿ ಹುಟ್ಟಿದ್ದು ಹಾಗೆ.

ಜಿಪ್ಪು, ಚಾದರ, ಮಡಿಕೆ ಎಲ್ಲ ಆಮೇಲೆ ಕಲಿತದ್ದು, ಅದೂ ಮನೆಯ ಬಟ್ಟೆಗಳ ಮೇಲೆಯೇ. ಮಗಳ ಯೂನಿಫಾರಂ ಸ್ಕರ್ಟು ಒಂದೇ ನಾಲ್ಕು ವರ್ಷ ನಡೆಯಿತು, ವರ್ಷಕ್ಕೊಂದು ಮಡಿಕೆ ಬಿಚ್ಚಿದರಾಯಿತು. ಈಗ ಬೇರೆ ಊರಿನಲ್ಲಿ ನರ್ಸ್ ಆಗಿರುವ ಮಗಳು ಫೋನಿನಲ್ಲಿ ಛೇಡಿಸುತ್ತಾಳಂತೆ: "ಅಮ್ಮಾ, ನನ್ನ ಸ್ಕರ್ಟಿನ ಗೆರೆ ಎಣಿಸಿದ್ರೆ ಸಾಕಿತ್ತು, ಟೀಚರ್ ನನ್ನ ಕ್ಲಾಸು ಹೇಳ್ಬಿಡೋರು!"

ಏಳೂವರೆ. ಕಾಲರ್ ಬಿಚ್ಚಿಯಾಯಿತು. ತೇಪೆಯಕ್ಕ ಅದನ್ನು ಮಗುಚಿ, ಹಳೆಯ ಸೂಜಿತೂತುಗಳನ್ನೇ ಹುಡುಕಿ, ಮಷಿನ್ನಿನ ಚಕ್ರವನ್ನು ಕೈಯಿಂದ ಒಂದೊಂದೇ ಸುತ್ತು ತಿರುಗಿಸುತ್ತ ಕೂರಿಸುತ್ತಾರೆ. ಸವೆದ ಬಟ್ಟೆಗೆ ಹೊಸ ತೂತು ಬಿದ್ದರೆ ಸೀಳಿಹೋಗುತ್ತದೆ. ಕಾಲು ಪೆಡಲಿನ ಮೇಲೆ ಇಲ್ಲವೇ ಇಲ್ಲ. ಕೊನೆಯ ಹೊಲಿಗೆ ಮುಗಿದಾಗ ಸವೆದ ಮಡಿಕೆ ಮತ್ತೆ ಹೊರಗೆ ಬಂದಿದೆ. ಇನ್ನು ಉಳಿದಿರುವುದು ಎಡತುದಿ. ಕತ್ತರಿಸಿ ಬಿಸಾಡಿದ ಎಳೆಗಳನ್ನು ಎಲ್ಲಿಂದ ತರುವುದು?

ಸೂಜಿಮೊನೆಯಿಂದ ಬಟ್ಟೆಯ ಎಳೆಗಳನ್ನು ಕೆದಕಿ ನೋಡುತ್ತಾರೆ. ಬರುತ್ತವೆ, ಆದರೆ ಒರಟಾಗಿ, ಪೊರಕೆಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತವೆ. ಬಾಯಿಯ ಹಬೆ ಊದುತ್ತಾರೆ, ಉಗುರಿನಿಂದ ಉಜ್ಜುತ್ತಾರೆ. ಉಹುಂ.

"ಇದು ಹೊಸ ಹರಕು ಅಂತ ಕುರುಡನಿಗೂ ಗೊತ್ತಾಗುತ್ತೆ," ಎಂದು ಸೂಜಿ ಕೆಳಗಿಡುತ್ತಾರೆ. ಎಂಟು ಗಂಟೆಯಾಗಿದೆ. "ಇಷ್ಟು ದಿನ ಸವೆದಿದ್ದನ್ನ ಮುಚ್ಚಿದ್ದೇ ಬಂತು ನನಗೆ. ಸವೆಸೋದು ಹೇಗೆ ಅಂತ ಕಲೀಲೇ ಇಲ್ವಲ್ಲ."

ಮಂಚದ ಮೇಲಿನವರು ಕಷ್ಟಪಟ್ಟು ಬಗ್ಗಿ, ಮಂಚದ ಕೆಳಗಿನ ತಗಡಿನ ಡಬ್ಬಿ ಎಳೆಯುತ್ತಾರೆ. ಒಳಗೆ ಒಣಗಿದ ಬ್ರಷ್ಷುಗಳು, ಮತ್ತೆ ಗೋಡೆ ನಯ ಮಾಡಲು ಉಜ್ಜುವ ಉಪ್ಪುಕಾಗದದ ತುಂಡುಗಳು. ಎಂಟು ವರ್ಷದಿಂದ ಡಬ್ಬಿ ತೆರೆದಿರಲಿಲ್ಲ. ಬಿಸಾಡಲೂ ಬಿಟ್ಟಿರಲಿಲ್ಲ.

"ಇದು ತೀರಾ ಸಣ್ಣದು, ಕೊನೇ ಕೈಗೆ ಉಜ್ತಾ ಇದ್ದಿದ್ದು. ಕೊಡು ಇಲ್ಲಿ."

"ಸೀಳಿಬಿಟ್ರೆ?"

"ಲೇ, ಗೋಡೆ ಮೇಲಿನ ನೊಣದ ಕಾಲಿನ ಗುರುತು ತೆಗೆದಿದೀನಿ ನಾನು. ಕೊಡೇ."

ತೇಪೆಯಕ್ಕ ಮೊದಲು ತುದಿಯ ಒಳಮೈಗೆ ಅದೇ ಶರ್ಟಿನಿಂದ ಎಳೆದ ದಾರದಲ್ಲಿ ಕಾಣದಷ್ಟು ಸಣ್ಣ ಬಲೆ ಹೆಣೆಯುತ್ತಾರೆ, ಸವೆತ ಅಲ್ಲಿಗೇ ನಿಲ್ಲಲೆಂದು. ಆಮೇಲೆ ಶರ್ಟನ್ನು ಮಂಚದ ಮೇಲೆ ಹಿಡಿಯುತ್ತಾರೆ. ಯಜಮಾನರು ಬಟಾಣಿಯಷ್ಟು ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಉಜ್ಜುತ್ತಾರೆ. ನಾಲ್ಕು ಸಲ ಉಜ್ಜಿ ಮುಟ್ಟಿ ನೋಡುವುದು, ಮತ್ತೆ ನಾಲ್ಕು ಸಲ. ಇಬ್ಬರ ತಲೆಗಳೂ ಒಂದೇ ಕಾಲರಿನ ಮೇಲೆ ಬಾಗಿವೆ. ಎಳೆಗಳು ಮೆಲ್ಲಗೆ ಮೆತ್ತಗಾಗಿ, ಹತ್ತಿಯ ಹಾಗೆ ಅರಳಿ ಮಲಗುತ್ತವೆ.

"ತಾತನ ಕೈಗೆ ಕೊಡ್ಬೇಡ," ಎಂದು ಯಜಮಾನರು ಹೆಂಡತಿಗೆ ಹೇಳಿ ಕಳಿಸುತ್ತಾರೆ. "ಅಲ್ಲೇ ಎಲ್ಲಾದ್ರೂ ಹಾಕಿಬಿಡು. ಅವರೇ ನೋಡ್ಲಿ."

ಎಂಟೂಮುಕ್ಕಾಲು. ವಾಚಿನ ತಾತನ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ತಾತ ಟವೆಲ್ ಹೊದ್ದು ಕಿಟಕಿಯ ಬಳಿ ಕೂತಿದ್ದಾರೆ. ಎದುರಿಗೆ ಆರಿದ ಚಹಾ. ಮಗಳು ಬೇಕರಿಯ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಕಣ್ಣುಗಳು ಊದಿವೆ. ತೇಪೆಯಕ್ಕ ಸದ್ದಿಲ್ಲದೆ ಹೋಗಿ ಶರ್ಟನ್ನು ಖಾಲಿ ಕುರ್ಚಿಯ ಬೆನ್ನಿಗೆ ಹಾಕಿ, ಅಡುಗೆಮನೆಯ ಬಾಗಿಲ ಹತ್ತಿರ ಸರಿದು ನಿಲ್ಲುತ್ತಾರೆ.

ತಾತ ಅತ್ತ ನೋಡುತ್ತಾರೆ. ಎದ್ದು ಬರುತ್ತಾರೆ. ಕಣ್ಣಿಗಿಂತ ಮೊದಲು ಬೆರಳು ಹೋಗುತ್ತದೆ, ನೇರ ಎಡತುದಿಗೆ. ಹೆಬ್ಬೆರಳು, ತೋರುಬೆರಳು. ಹೊಸೆಯುತ್ತಾರೆ. ನಿಲ್ಲಿಸುತ್ತಾರೆ. ತಾತ ಮತ್ತೆ ಹೊಸೆಯುತ್ತಾರೆ.

"ಎಲ್ಲಿತ್ತೇ ಇದು?"

"ಕುರ್ಚಿ ಮೇಲೇ ಇತ್ತಲ್ಲಪ್ಪಾ," ಅನ್ನುತ್ತಾರೆ ಮಗಳು.

"ರಾತ್ರಿಯೆಲ್ಲ ಹುಡುಕ್ಸಿದೆಯಲ್ಲೇ!" ಎಂದು ಗದರುತ್ತ ತಾತ ಒಂದು ತೋಳು ಹಾಕುತ್ತಾರೆ, ಇನ್ನೊಂದನ್ನು ಮಗಳು ಹಾಕುತ್ತಾರೆ. ಗುಂಡಿಗಳನ್ನು ಮಾತ್ರ ತಾವೇ ಹಾಕಿಕೊಳ್ಳುತ್ತಾರೆ, ಮೇಲಿನಿಂದ ಕೆಳಗೆ, ಒಂದೂ ತಪ್ಪದೆ. ಆಮೇಲೆ ಚಹಾ ಬಿಸಿ ಮಾಡಿ ಕೊಡು ಅನ್ನುತ್ತಾರೆ. ಆಗಲೇ ಅವರಿಗೆ ಬಾಗಿಲ ಹತ್ತಿರದ ಹೆಂಗಸು ಕಾಣುವುದು.

"ಇವರ್ಯಾರು?"

"ಟೈಲರ್ ಅಕ್ಕ ಅಪ್ಪಾ. ನಿನ್ನ ಶರ್ಟು ರಿಪೇರಿ ಮಾಡಿದೋರು."

ವಾಚಿನ ತಾತ ಐವತ್ತು ವರ್ಷದ ಕಸುಬುದಾರ. ತೋಳೆತ್ತಿ ನೋಡುತ್ತಾರೆ, ಕಾಲರಿನ ಉದ್ದಕ್ಕೂ ಬೆರಳಾಡಿಸುತ್ತಾರೆ, ತುದಿಯನ್ನು ಬೆಳಕಿಗೆ ಹಿಡಿಯುತ್ತಾರೆ. ತೀರ್ಪು ಕೊಡುತ್ತಾರೆ: "ಏನ್ ರಿಪೇರಿ? ಇದಕ್ಕೆ ಏನೂ ಮಾಡಿಲ್ಲ. ಬಿಡಿಗಾಸೂ ಕೊಡ್ಬೇಡ!"

ಮಗಳು ನಾಚಿಕೆಯಿಂದ "ಅಪ್ಪಾ!" ಅನ್ನುವಷ್ಟರಲ್ಲಿ ತೇಪೆಯಕ್ಕ ಕೈ ಅಡ್ಡ ಹಿಡಿಯುತ್ತಾರೆ. "ಹೌದು ತಾತಾ. ಏನೂ ಮಾಡಿಲ್ಲ. ನೀವು ಚಹಾ ಕುಡೀರಿ." ಮಗಳಿಗೆ ಕಣ್ಣಲ್ಲೇ ಹೊರಡು ಎಂದು ಸನ್ನೆ ಮಾಡುತ್ತಾರೆ. ಪಕ್ಕದ ಮನೆಯವರು ಒಳಗೆ ಬರುತ್ತಾರೆ. ಬೇಕರಿಯ ಟೋಪಿ ತಲೆಗೇರುತ್ತದೆ. ಒಂಬತ್ತು ಗಂಟೆ ಐದು ನಿಮಿಷ.

ಬೀದಿಗೆ ಬಂದ ಮೇಲೆ ತೇಪೆಯಕ್ಕನ ನಗು ನಿಲ್ಲುವುದೇ ಇಲ್ಲ. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಮನೆ ಕಡೆ ಹೆಜ್ಜೆ ಜೋರಾಗುತ್ತದೆ, ಹೇಳಬೇಕಾದವರೊಬ್ಬರು ಮಂಚದ ಮೇಲೆ ಕಾಯುತ್ತಿದ್ದಾರಲ್ಲ.

"ಏನೂ ಮಾಡಿಲ್ಲ ಅಂತಾನೇ ಬರೀರಿ," ಅನ್ನುತ್ತಾರೆ, ನಿಲ್ಲದೆ. "ಆದ್ರೆ ಅದನ್ನ ನಾವಿಬ್ರೂ ಸೇರಿ ಮಾಡಿದ್ದು ಅಂತಾನೂ ಬರೀರಿ."