ಗದಿಗೆಪ್ಪ ಮಾಮಾ ತಂದ ತೊಟ್ಟಿಲು

ನಮ್ಮ ಗದಿಗೆಪ್ಪ ಮಾಮಾ ಬಾಗಿಲನ್ನು ಕೈಯಿಂದ ತಳ್ಳಿ ಒಳಗೆ ಬಂದದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಉಳಿದಂತೆ ಯಾವಾಗಲೂ ಭುಜದಿಂದಲೇ ತಳ್ಳುತ್ತಿದ್ದರು, ಯಾಕೆಂದರೆ ಎರಡೂ ಕೈ ತುಂಬ ಸಾಮಾನು ಇರುತ್ತಿತ್ತು. ಮೊದಲು ಬಾಗಿಲು ಧಡಲ್ ಎನ್ನುತ್ತಿತ್ತು, ಆಮೇಲೆ ಒಂದು ಡಬ್ಬಿಯೋ ಪೆಟ್ಟಿಗೆಯೋ ಒಳಗೆ ಬರುತ್ತಿತ್ತು, ಅದರ ಹಿಂದೆ ಮಾಮಾ. ನಮಸ್ಕಾರ ಮಾಡಲು ಕೈ ಬಿಡುವಿಲ್ಲದೆ ತಲೆಯನ್ನಷ್ಟೇ ಬಗ್ಗಿಸಿ, ‘ಎಲ್ಲಾರೂ ಆರಾಮದೀರಿ?’ ಎಂದು ಕೇಳುತ್ತಿದ್ದರು.

ಅವರು ನನ್ನ ಅಕ್ಕ ಶಾಂತಾಳ ಗಂಡ. ಬೈಲಹೊಂಗಲದಿಂದ ಹತ್ತಿಯ ಬೇಲು ಹೇರಿಕೊಂಡು ಇಚಲಕರಂಜಿಗೆ, ಒಮ್ಮೊಮ್ಮೆ ಮುಂಬೈವರೆಗೂ ಹೋಗುತ್ತಿದ್ದ ಲಾರಿಯ ಡ್ರೈವರ್. ಎತ್ತರದ ಆಳು, ದಪ್ಪ ಮೀಸೆ, ಕೊರಳಲ್ಲಿ ಚೌಕಳಿ ಟವೆಲ್ಲು. ದಾರಿಯಲ್ಲಿ ಎಲ್ಲಿ ಲಾರಿ ನಿಂತರೂ ಅಲ್ಲಿಯ ಪೇಟೆಗೆ ಒಂದು ಸುತ್ತು ಹಾಕದೆ ಬರುವವರಲ್ಲ. ನಿಂಬೆಹಣ್ಣು ಹಿಂಡುವ ಯಂತ್ರ, ಮಡಚುವ ಛತ್ರಿ, ಕಿವಿಯಲ್ಲಿ ಹಾಕಿಕೊಳ್ಳುವ ಏನೋ ಒಂದು. ಅಕ್ಕ ಗೊಣಗಿದರೆ ಅವರ ಉತ್ತರ ಒಂದೇ: ‘ಇರ್ಲಿ ಬಿಡ, ಬೇಕಾಗತೈತಿ.’ ನಾವು ತಮಾಷೆಗೆ ಅವರನ್ನು ಬೆನ್ನ ಹಿಂದೆ ‘ಬೇಕಾಗತೈತಿ ಮಾಮಾ’ ಎಂದೇ ಕರೆಯುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಕ್ಕ ಚೊಚ್ಚಲ ಬಸುರಿ. ಸೀಮಂತದ ಕುಬಸ ಕಾರ್ಯ ಮುಗಿಸಿ ಅಪ್ಪ ಅವಳನ್ನು ರಾಮದುರ್ಗದ ನಮ್ಮ ಮನೆಗೆ ಕರೆದುಕೊಂಡು ಬಂದರು. ಹುಟ್ಟುವ ಮೊದಲು ಕೂಸಿಗೆಂದು ಒಂದೆಳೆ ದಾರವನ್ನೂ ಕೊಳ್ಳಬಾರದು ಎಂಬುದು ನಮ್ಮವ್ವನ ಕಟ್ಟಪ್ಪಣೆ. ಹುಟ್ಟಿದ ಮೇಲೂ ಮೊದಲ ದಿನಗಳಲ್ಲಿ ಹೊಸ ಬಟ್ಟೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಅಪ್ಪನ ಹಳೆಯ ಧೋತರ ಹರಿದು ಒಗೆದು ಮಡಿಸಿಟ್ಟಿದ್ದಳು. ಅಜ್ಜಿಯ ಮೆತ್ತಗಾದ ಇಳಕಲ್ ಸೀರೆಯೊಂದು ಜೋಲಿ ಕಟ್ಟಲು ತಯಾರಿತ್ತು. ಕೂಸಿಗೆ ಬೇಕಾದದ್ದು ಅಷ್ಟೇ ಎಂದು ನಮ್ಮ ಮನೆಯವರ ನಂಬಿಕೆ. ಮಾಮಾ ಆ ಅಪ್ಪಣೆಯನ್ನು ಮೀರಲಿಲ್ಲ. ಮುಂಬೈಯ ಅಂಗಡಿಗಳಲ್ಲಿ ಪುಟ್ಟ ಪುಟ್ಟ ಸಾಮಾನುಗಳನ್ನು ಮುಟ್ಟಿ ನೋಡಿ ಹಾಗೇ ಬರುತ್ತಿದ್ದರಂತೆ. ಹೆಣ್ಣುಮಗು ಹುಟ್ಟಿದ ಸುದ್ದಿ ಟ್ರಾನ್ಸ್‌ಪೋರ್ಟ್ ಆಫೀಸಿನ ಫೋನಿಗೆ ಮುಟ್ಟಿದ್ದೇ ತಡ, ಕಟ್ಟೆ ಒಡೆಯಿತು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮಾಮಾ ಮುಂದಿನ ಲೋಡು ನಮ್ಮೂರ ಕಡೆಯದನ್ನೇ ಹಿಡಿದುಕೊಂಡು ಬಂದರು. ಲಾರಿ ನಮ್ಮ ಓಣಿಯಲ್ಲಿ ನಿಂತಾಗ ಅರ್ಧ ಓಣಿ ತುಂಬಿತು. ಹಿಂದಿನ ಫಾಳಕಾ ಹಲಗೆ ತೆಗೆದು ಮಾಮಾ ಕೆಳಗಿಳಿಸಿದ್ದು ಒಂದು ಸ್ಟೀಲಿನ ತೊಟ್ಟಿಲು. ಗುಲಾಬಿ ಬಣ್ಣದ ಗಾದಿ, ಮೇಲೆ ತಿರುಗುವ ಪ್ಲಾಸ್ಟಿಕ್ ಗಿಳಿಗಳು. ಬಂದ ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡು ನೋಡಿದರು. ಒಳಗೆ ಪಡಸಾಲೆಯಲ್ಲಿ ಅಪ್ಪ ಬಡಿಗೇರನಿಂದ ಮಾಡಿಸಿದ ಸಾಗವಾನಿ ತೊಟ್ಟಿಲು ಆಗಲೇ ತೂಗುತ್ತಿತ್ತು.

‘ಇದೇನ ತಂದೀರಿ ಅಳಿಯಾರ?’ ಅಪ್ಪ ಹೊರಗೆ ಬಂದು ಕೇಳಿದರು.

‘ತೊಟ್ಟಲಾರೀ ಮಾಂವಾರ. ಮುಂಬೈದು. ಒಂದ ಸಲ ನೂಕಿದ್ರ ಸಾಕ್ರಿ, ತಾನ ತೂಗತೈತಿ.’

ಅಪ್ಪನ ಮುಖ ಸಣ್ಣದಾಯಿತು. ‘ತೊಟ್ಟಲಾ ಕೊಡೂದು ತವರಮನ್ಯಾರ್ರಿ. ಇಷ್ಟ ಮಂದಿ ಮುಂದ ನೀವು ತಂದ್ರ, ನಮಗ ಕೊಡೂ ತಾಕತ್ತಿಲ್ಲ ಅಂದಂಗ ಆತಲ್ರಿ?’

ಮಾಮಾ ನಿಂತಲ್ಲೇ ಕುಗ್ಗಿಹೋದರು. ‘ಛೇ ಛೇ, ಹಂಗಲ್ರಿ. ನನಗ ಅದು ತಿಳೀಲಿಲ್ರಿ’ ಎಂದರು. ಯಾರ ಸಹಾಯವನ್ನೂ ಕೇಳದೆ ಆ ತೊಟ್ಟಿಲನ್ನು ಮತ್ತೆ ಲಾರಿಗೆ ಏರಿಸಿ, ಮೇಲೆ ತಾಡಪತ್ರಿ ಮುಚ್ಚಿದರು. ಒಳಗೆ ಹೆಂಗಸರು ಜೋಗುಳ ಹಾಡುತ್ತ ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸಿ, ರೂಪಾ ಎಂದು ಹೆಸರು ಕೂಗುವಾಗ, ಹೆಸರಿಡಿಸಿಕೊಂಡವಳ ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಅವ್ವನೇ ಕೂಸನ್ನು ಹೊಸ್ತಿಲವರೆಗೆ ತಂದು, ‘ಎತಗೋರಿ, ನಿಮ್ಮ ಮಗಳು’ ಎಂದಳು. ಮಾಮಾ ಎರಡೂ ಕೈ ಚಾಚಿದವರು, ಅಂಗೈಯನ್ನು ಮೂಗಿಗೆ ಹಿಡಿದು ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡರು.

‘ಕೈ ಡೀಸಲ್ ನಾರತಾವ್ರಿ ಅತ್ತಿ. ಮುಂದಿನ ಸಲ ಬಂದಾಗ ಎತಗೋತೇನಿ.’

ಮುಂದಿನ ಸಲ ಎಂಬುದು ಬಹಳ ತಡವಾಗಿ ಬಂತು. ಚೊಚ್ಚಲ ಬಾಣಂತನ ಎಂದರೆ ನಮ್ಮಲ್ಲಿ ಐದು ತಿಂಗಳು. ಆ ಐದು ತಿಂಗಳು ಮಾಮಾ ಬರುತ್ತಿದ್ದದ್ದೇ ಅಪರೂಪ, ಬಂದರೂ ಹೊರಗೇ ನಿಂತ ಕಾಲಲ್ಲೇ ಚಹಾ ಕುಡಿದು ಹೊರಡುತ್ತಿದ್ದರು. ಈ ಮನುಷ್ಯನಿಗೆ ಹೆಂಡತಿ ಮಕ್ಕಳ ಮೇಲೆ ಮಮತೆಯೇ ಇಲ್ಲವೇನೋ ಎಂದು ಓಣಿಯವರು ಆಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು, ಒಂದು ದಿನ ಬೈಲಹೊಂಗಲಕ್ಕೆ ಹೋಗಿ ಅವರ ಮನೆ ನೋಡುವವರೆಗೆ.

ಕಾಲೇಜಿನ ಕೆಲಸಕ್ಕೆಂದು ಧಾರವಾಡಕ್ಕೆ ಹೊರಟವನು ಅಲ್ಲಿ ಇಳಿದಿದ್ದೆ. ನಡುಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗಿಳಿಯ ತೊಟ್ಟಿಲು, ಗಾಲಿ ಇರುವ ವಾಕರ್, ಬಾತುಕೋಳಿಯಂಥ ಸಂಡಾಸದ ಪೀಠ, ಸ್ನಾನದ ಟಬ್ಬು, ಛತ್ರಿಯಂತೆ ಬಿಚ್ಚುವ ಸೊಳ್ಳೆಪರದೆ, ಹಾಲಿನ ಬಾಟಲಿಗಳ ಸಾಲು, ಒಂದಕ್ಕಿಂತ ಒಂದು ತುಸು ದೊಡ್ಡದಾದ ಬೂಟುಗಳು. ನಡುವೆ ಮಾಮಾ ಒಂದು ತಳ್ಳುಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ದೂಡುತ್ತಿದ್ದರು, ಸಿನೆಮಾದಲ್ಲಿ ದೊರೆಸಾನಿಗಳು ಕೂಸನ್ನು ಕೂರಿಸಿಕೊಂಡು ಹೋಗುತ್ತಾರಲ್ಲ, ಅಂಥದ್ದು. ಅದರೊಳಗೆ ಒಂದು ಜೋಳದ ಚೀಲ ಮಲಗಿತ್ತು.

‘ಐದ ಕಿಲೋ ಜ್ವಾಳಾ ಹಾಕೇನಿ ತಮ್ಮಾ, ಸ್ಪ್ರಿಂಗ್ ತಡೀತಾವೇನ ನೋಡಾಕ’ ಎಂದರು. ಆಮೇಲೆ ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದರು. ‘ನಮ್ಮ ಕೂಸು ಈಗ ಇಷ್ಟ ಭಾರ ಇರಬೇಕೇನ? ಎಷ್ಟ ದೊಡ್ಡಾಕಿ ಆಗ್ಯಾಳ?’

ನಾನು ಕೈಯಿಂದ ಅಳತೆ ತೋರಿಸಿದೆ. ಆ ಅಳತೆಯನ್ನೇ ಅವರು ಬಹಳ ಹೊತ್ತು ನೋಡಿದರು. ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು. ‘ಅಲ್ರಿ ಮಾಮಾ, ಇಷ್ಟ ಆಸೆ ಇದ್ರ ಬಂದು ನಾಕ ದಿನಾ ಇರಬಾರದ? ಯಾರ ಬ್ಯಾಡ ಅಂತಾರ?’ ಎಂದು ಕೇಳಿಯೇಬಿಟ್ಟೆ.

‘ನಿಂಗ ತಿಳ್ಯಾಂಗಿಲ್ಲ’ ಎಂದರು. ‘ಅಳಿಯ ಬಂದ ಅಂದ್ರ ಅತ್ತಿ ಹೋಳಿಗಿಗೆ ಬ್ಯಾಳಿ ಇಡತಾರ. ಬಾಣಂತಿಗೆ ಎರಿಯೂದು, ಕೂಸಿಗೆ ಎರಿಯೂದು, ಪಥ್ಯದ ಅಡಗಿ, ಅವರಿಗೆ ಮೊದಲ ಕೈ ಬಿಡುವಿಲ್ಲ. ಅದರಾಗ ನಾ ಒಬ್ಬಾಂವ ಹೋಗಿ ಮಣಿ ಹಾಕಿಸಿಕೊಂಡು ಕುಂದ್ರೂದು ಚಂದ ಅಲ್ಲ. ಮತ್ತ ಆವತ್ತ ತೊಟ್ಟಲಾ ತಂದು ಮಾಂವಾರ ಮನಸ ಬ್ಯಾರೆ ನೋಯಿಸೇನಿ. ಐದ ತಿಂಗಳ ಹೆಂಗೂ ಕಳೀತಾವ. ಬಂದ ಮ್ಯಾಲ ಆಕೀಗೆ ಇಲ್ಲಿ ಒಂದೂ ಕಮ್ಮಿ ಆಗಬಾರದು.’

ಹೋಳಿಗೆಯ ಸಂಕೋಚಕ್ಕೆ ಮಗಳನ್ನು ನೋಡಲು ಬಾರದ ಅಪ್ಪ ನಮ್ಮ ಸೀಮೆಯಲ್ಲಲ್ಲದೆ ಇನ್ನೆಲ್ಲಿ ಹುಟ್ಟಬೇಕು? ಅವ್ವನಿಗೆ ಇದನ್ನು ಹೇಳಿದೆ. ಅವಳು, ‘ಹೌದೇನ? ಆದ್ರ ಅಳಿಯ ಬಂದಾಗ ಬರೇ ಅನ್ನಾ ಸಾರ ಹೆಂಗ ಹಾಕೂದಪಾ?’ ಎಂದಳು. ಇಬ್ಬರದೂ ಒಳ್ಳೆಯತನವೇ. ಆ ಎರಡು ಒಳ್ಳೆಯತನಗಳ ನಡುವೆ ಮಾಮಾನ ಐದು ತಿಂಗಳು ಹೋದವು.

ಅಕ್ಕನನ್ನು ಕಳಿಸಿಕೊಡಲು ನಾನೂ ಬೈಲಹೊಂಗಲಕ್ಕೆ ಹೋಗಿದ್ದೆ. ಅಂದು ಮಾಮಾ ಕೈಗಳನ್ನು ಸಾಬೂನಿನಿಂದ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡಿದ್ದರು. ರೂಪಾ ಆ ಮೀಸೆಯನ್ನು ನೋಡಿದವಳೇ ಕಿಟಾರನೆ ಕಿರುಚಿ ಅಕ್ಕನ ಕೊರಳಿಗೆ ಜೋತುಬಿದ್ದಳು. ಗಿಳಿಯ ತೊಟ್ಟಿಲಲ್ಲಿ ಮಲಗಿಸಿದರೆ ಮೈಯೆಲ್ಲ ಸೆಟೆದುಕೊಂಡಳು. ಕೊನೆಗೆ ಅಜ್ಜಿಯ ಸೀರೆಯನ್ನು ತೊಲೆಗೆ ಜೋಲಿ ಕಟ್ಟಿದ ಮೇಲೆಯೇ ನಿದ್ದೆ. ಬೂಟುಗಳಲ್ಲಿ ಅರ್ಧ ಆಗಲೇ ಸಣ್ಣವಾಗಿದ್ದವು. ವಾಕರಿನ ಸಂಗೀತ ಕೇಳಿದರೆ ಹೆದರುತ್ತಿದ್ದಳು. ಬಾಟಲಿಯ ಹಾಲನ್ನು ಮಾಮಾನ ಮುಖದ ಮೇಲೆಯೇ ಉಗುಳಿದಳು. ತಳ್ಳುಗಾಡಿಯಂತೂ ಓಣಿಯ ಕಲ್ಲುಗಳ ನಡುವೆ ಗಾಲಿ ಸಿಕ್ಕಿಸಿಕೊಂಡು ಹತ್ತು ಹೆಜ್ಜೆಯೂ ಹೋಗಲಿಲ್ಲ. ಬೇಸಿಗೆಯಲ್ಲಿ ನಳದ ನೀರು ಬಾರದೇ ಇದ್ದಾಗ ಅಕ್ಕ ಅದರಲ್ಲಿ ಎರಡು ಕೊಡ ಇಟ್ಟು ಬಾವಿಯಿಂದ ನೀರು ತಂದಳು. ‘ಕೂಸ ಕುಂದ್ರಸೂದೊಂದ ಬಿಟ್ಟು ಎಲ್ಲಾದಕ್ಕೂ ಆಗತೈತಿ ನೋಡ ಇದು’ ಎಂದು ನನಗೆ ಹೇಳಿ ನಕ್ಕಳು. ಮಾಮಾನೂ ನಕ್ಕರು. ಸಂಜೆ ಆ ಗಾಡಿಯನ್ನು ತೊಳೆದು, ಒರೆಸಿ, ಹತ್ತಿ ಬೇಲಿನ ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ‘ಇರ್ಲಿ, ಎರಡನೇದಕ್ಕ ಬೇಕಾಗತೈತಿ.’ ಒಂದೊಂದಾಗಿ ಎಲ್ಲವೂ ಅಟ್ಟ ಸೇರಿದವು.

ಮಗಳನ್ನು ಒಲಿಸಿಕೊಳ್ಳಲು ಅವರಿಗೆ ಗೊತ್ತಿದ್ದ ದಾರಿ ಒಂದೇ, ಇನ್ನಷ್ಟು ತರುವುದು. ಊರಿಂದ ಊರಿಗೆ ಲಾರಿ ಓಡಿಸುತ್ತ, ನಡುವೆ ಒಂದೆರಡು ದಿನ ಮನೆಯಲ್ಲಿ. ರೂಪಾ ಹಾರ್ನ್ ಕೇಳಿದರೆ ಅಪ್ಪ ಬಂದ ಎನ್ನುತ್ತಿರಲಿಲ್ಲ, ‘ಲಾರಿ ಬಂತು’ ಎನ್ನುತ್ತಿದ್ದಳು. ಓಡಿಬಂದವಳು ಅವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದಳು. ಅದು ಮಾಮಾನಿಗೂ ಕಾಣುತ್ತಿತ್ತು. ಒಮ್ಮೆ ನನ್ನ ಮುಂದೆ, ‘ಆಕೀಗೆ ನಾ ಅಂದ್ರ ಅಂಗಡಿ ಇದ್ದಂಗ ಆಗೇತೋ ತಮ್ಮಾ’ ಎಂದು ನಗಲು ನೋಡಿದರು, ನಗು ಬರಲಿಲ್ಲ.

ಎರಡನೆಯ ಮಗು ಹುಟ್ಟಲಿಲ್ಲ. ಒಂದು ಹೊಟ್ಟೆಯಲ್ಲೇ ಹೋಯಿತು, ಆಮೇಲೆ ಡಾಕ್ಟರು ಬೇಡವೆಂದರು. ಅಟ್ಟದ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಪಕ್ಕದ ಮನೆಯ ಹಸೀನಾಬಿ ಮಾತ್ರ ತಿಳಿಯದೆ ಕೇಳಿದಳು: ‘ಮೊಮ್ಮಗ ನಡಿಯಾಕ ಹತ್ಯಾನ್ರಿ. ಆ ಗಾಲಿದು ಸುಮ್ನ ಬಿದ್ದೈತಲ್ರಿ, ಕೊಡ್ರಿ.’ ಕೇಳಿದವರಿಗೆ ಅಂಗಿಯನ್ನೂ ಬಿಚ್ಚಿ ಕೊಡುವ ಮನುಷ್ಯ ಅಂದು, ‘ಇಲ್ರಿ, ಬೇಕಾಗತೈತಿ’ ಎಂದುಬಿಟ್ಟರು. ಹಸೀನಾಬಿ ಮುಖ ಸಪ್ಪಗೆ ಮಾಡಿಕೊಂಡು ಹೋದಳು. ಮುಂದಿನ ಸಲ ಹುಬ್ಬಳ್ಳಿಗೆ ಹೋದವರು ಹೊಸ ವಾಕರ್ ಒಂದನ್ನು ತಂದು, ಅವಳ ಮನೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಇಟ್ಟು ಬಂದರು. ಅಟ್ಟದ ಮೇಲಿನದನ್ನು ಮಾತ್ರ ಮುಟ್ಟಗೊಡಲಿಲ್ಲ.

ವರ್ಷಗಳು ಕಳೆದವು. ನನಗೆ ಸವದತ್ತಿಯಲ್ಲಿ ನೌಕರಿ, ಮದುವೆ. ಹೆಂಡತಿಯ ತವರು ಮುನವಳ್ಳಿ, ಚೊಚ್ಚಲ ಹೆರಿಗೆಗೆ ಅಲ್ಲಿಗೇ ಹೋದಳು. ಮಗ ಹುಟ್ಟಿದ. ಹತ್ತಿರದ ಊರೇ, ಆದರೂ ನಾನು ಮೊದಲ ದಿನ ನೋಡಿ ಬಂದವನು ಮತ್ತೆ ಹೋಗಿರಲಿಲ್ಲ. ಅಳಿಯ ಮತ್ತೆ ಮತ್ತೆ ಹೋದರೆ ಹೇಗೆ? ಅದರ ಬದಲು ಬೆಳಗಾವಿಗೆ ಹೋಗಿ ಬ್ಯಾಟರಿಯಲ್ಲಿ ತೂಗುವ ತೊಟ್ಟಿಲು, ಹಾಲು ಕಾಯಿಸುವ ಯಂತ್ರ, ಇನ್ನೂ ಏನೇನೋ ತಂದು ಒಂದು ದಿನ ಸವದತ್ತಿಯ ಮನೆಯಲ್ಲಿ ಜೋಡಿಸುತ್ತಿದ್ದೆ. ಆಗ ಬಾಗಿಲು ಸದ್ದಿಲ್ಲದೆ ತೆರೆಯಿತು. ಮಾಮಾ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಇನ್ನೊಂದು ಕೈಯೂ ಖಾಲಿ. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

ನನ್ನ ಸಾಮಾನನ್ನೆಲ್ಲ ಒಂದೊಂದಾಗಿ ನೋಡಿದರು. ‘ಕೂಸಿನ್ನ ಎತಗೊಂಡೀಯೇನ?’ ಎಂದು ಕೇಳಿದರು.

‘ಇನ್ನೂ ಇಲ್ರಿ. ಬಹಳ ಸಣ್ಣದೈತಿ, ಅಂಜಿಕಿ ಬರತೈತಿ. ಹೆಂಗೂ ಐದ ತಿಂಗಳಿಗೆ...’

‘ಎದ್ದೇಳ’ ಎಂದರು. ಅಷ್ಟು ಗಟ್ಟಿಯಾಗಿ ಅವರು ನನಗೆ ಎಂದೂ ಮಾತಾಡಿರಲಿಲ್ಲ. ‘ಇವನ್ನೆಲ್ಲಾ ಇಲ್ಲೇ ಬಿಡು. ಬರೇ ಕೈಲೆ ನಡಿ. ಹೋಳಿಗಿ ಮಾಡಿದ್ರ ಮಾಡ್ಲಿ, ತಿನ್ನು, ಅಲ್ಲೇ ಕುಂದ್ರು. ಮಂದಿ ನಕ್ಕರ ನಗಲಿ.’

ಇಬ್ಬರೂ ಬಸ್ಸಿನಲ್ಲಿ ಮುನವಳ್ಳಿಗೆ ಹೋದೆವು. ಅತ್ತೆ ನಮ್ಮನ್ನು ನೋಡಿ ಬೇಳೆ ಇಡಲು ಓಡಿದರು. ಮಾಮಾ ಕೈಕಾಲು ತೊಳೆದು, ಗೋಡೆಗೆ ಒರಗಿ, ಕಾಲು ಚಾಚಿ ಕೂತು ನನ್ನ ಮಗನನ್ನು ತೊಡೆಯ ಮೇಲೆ ಹಾಕಿಸಿಕೊಂಡರು. ಅವನು ಅವರ ಒಂದು ಬೆರಳು ಹಿಡಿದುಕೊಂಡು ಮಲಗಿಬಿಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ. ನನ್ನ ಕಡೆ ನೋಡದೆಯೇ, ‘ಜ್ವಾಳದ ಚೀಲದಂಗ ಇಲ್ಲೋ ತಮ್ಮಾ ಇದು’ ಎಂದರು. ‘ನಮ್ಮ ರೂಪಾನ್ನ ಇಷ್ಟ ಸಣ್ಣಾಕಿ ಇದ್ದಾಗ ನಾ ಎತಗೊಳ್ಳಲೇ ಇಲ್ಲ.’ ಕಣ್ಣೀರು ಮೀಸೆಯವರೆಗೆ ಇಳಿದಿತ್ತು. ಕೂಸಿಗೆ ಎಚ್ಚರಾದೀತೆಂದು ಅದನ್ನು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಮಗನನ್ನು ತಾವೇ ನನ್ನ ತೊಡೆಗೆ ದಾಟಿಸಿ, ಹೇಗೆ ಹಿಡಿಯಬೇಕೆಂದು ಕಲಿಸದೆ, ಸುಮ್ಮನೆ ಪಕ್ಕದಲ್ಲಿ ಕೂತರು.

ಅದೇ ನಮ್ಮ ಕೊನೆಯ ಭೇಟಿ. ಆ ಮಳೆಗಾಲದಲ್ಲಿ ಇಚಲಕರಂಜಿಯಲ್ಲಿ ಮಾಲು ಇಳಿಸುವಾಗ ಎದೆನೋವು ಬಂದು ಮಾಮಾ ಹೋಗಿಬಿಟ್ಟರು. ಇಷ್ಟು ವರ್ಷವಾದರೂ ಹೊರಗೆ ಯಾರದೋ ಬಾಗಿಲು ಧಡಲ್ ಎಂದರೆ ನಾನು ಕತ್ತೆತ್ತಿ ನೋಡುತ್ತೇನೆ.

ದಿನಕರ್ಮಗಳು ಮುಗಿದ ಮೇಲೆ ಅಕ್ಕ ಅಟ್ಟ ಖಾಲಿ ಮಾಡಬೇಕೆಂದಳು. ನಾನು ಮೇಲೆ ಹತ್ತಿ ತಟ್ಟು ಸುತ್ತಿದ ಗಂಟುಗಳನ್ನು ಒಂದೊಂದಾಗಿ ಇಳಿಸಿದೆ. ರೂಪಾ ಆಗ ಹೈಸ್ಕೂಲಿನ ಹುಡುಗಿ. ಚಿಕ್ಕಂದಿನಿಂದ ಅವು ಲಾರಿಯ ಸಾಮಾನು ಎಂದುಕೊಂಡಿದ್ದವಳು. ತಟ್ಟು ಬಿಚ್ಚಿದಾಗ ಒಳಗೆ ಗಾಡಿ, ಗಿಳಿಗಳು, ಬಣ್ಣ ಮಾಸದ ಬೂಟುಗಳು.

‘ಇವೆಲ್ಲಾ ಯಾರವು ಯವ್ವಾ?’ ಎಂದು ಕೇಳಿದಳು.

‘ನಿನ್ನವು’ ಎಂದಳು ಅಕ್ಕ.

‘ನಾ ಯಾವಾಗ ಹಾಕ್ಕೊಂಡಿದ್ನಿ?’

ಅಕ್ಕ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಆ ಜೋಳದ ಚೀಲದ ಕಥೆಯನ್ನು, ಹೋಳಿಗೆಯ ಕಥೆಯನ್ನು ನಾನೇ ಹೇಳಿದೆ. ರೂಪಾ ಅಳಲಿಲ್ಲ. ಎಲ್ಲಕ್ಕಿಂತ ಸಣ್ಣ ಬೂಟನ್ನು ಎತ್ತಿಕೊಂಡು ಅದರ ಸವೆಯದ ತಳವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ‘ಹಸೀನಾಬಿ ಮನ್ಯಾಗ ಮತ್ತ ಕೂಸ ಹುಟ್ಟೇತಿ, ಅವರಿಗೆ ಕೊಟ್ಟಬಿಡೂಣು’ ಎಂದು ನಾನು ಮೆಲ್ಲಗೆ ಅಂದೆ.

‘ಇರ್ಲಿ ಬಿಡ್ರಿ’ ಎಂದಳು. ‘ಬೇಕಾಗತೈತಿ.’

ಬೂಟು, ಗಿಳಿ, ಬಾಟಲಿಗಳನ್ನು ಹಿಡಿಸಿದಷ್ಟು ಬಾಚಿಕೊಂಡು ಎದ್ದಳು. ಎರಡೂ ಕೈ ತುಂಬಿದ್ದವು. ತನ್ನ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋದಳು.